ಹಿಡಕಲ್: ಗೋಡೆ, ಗೇಟು ಮತ್ತು ನೆರೆಯ ಲೆಕ್ಕ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಘಟಪ್ರಭೆಗೆ ಅಡ್ಡಲಾಗಿ ನಿಂತ ಅಣೆಕಟ್ಟೆಗೆ ಸರ್ಕಾರಿ ದಾಖಲೆಯಲ್ಲಿರುವ ಹೆಸರು ರಾಜಾ ಲಖಮಗೌಡ ಜಲಾಶಯ. ವಂಟಮುರಿ ಸಂಸ್ಥಾನದ ರಾಜಾ ಲಖಮಗೌಡರ ಹೆಸರು ಅದು. ಬೆಳಗಾವಿಯ ಹಳೆಯ ವಿಜ್ಞಾನ ಕಾಲೇಜಿಗೂ ಅವರದೇ ಹೆಸರಿದೆ. ನಮ್ಮ ಜನ ಮಾತ್ರ ಮೊದಲಿನಿಂದಲೂ ಹಿಡಕಲ್ ಡ್ಯಾಂ ಎಂದೇ ಕರೆದರು. ಮಳೆಗಾಲ ಬಂತೆಂದರೆ ಚಿಕ್ಕೋಡಿಯ ಚಹದಂಗಡಿಯಲ್ಲಿ, ರಾಯಬಾಗದ ಬಸ್ ನಿಲ್ದಾಣದಲ್ಲಿ ‘ಹಿಡಕಲ್ಲು ಎಷ್ಟ ತುಂಬೇತಿ?’ ಎಂಬ ಪ್ರಶ್ನೆ ಕೇಳಿಬರುತ್ತದೆ. ಪತ್ರಿಕೆಯ ಮೂಲೆಯ ಪಟ್ಟಿಯಲ್ಲಿ 2175 ಅಡಿ ಎಂಬ ಗರಿಷ್ಠ ಮಟ್ಟ, ಅದರ ಪಕ್ಕದಲ್ಲಿ ಅಂದಿನ ಮಟ್ಟ, ಒಳಹರಿವು, ಹೊರಹರಿವು. ಈ ನಾಲ್ಕು ಅಂಕಿಗಳನ್ನು ಓದಲು ನಮ್ಮ ಭಾಗದ ರೈತನಿಗೆ ಯಾರೂ ಕಲಿಸಬೇಕಿಲ್ಲ.

ಈ ಅಣೆಕಟ್ಟೆ 1977ರದು. ಅರ್ಧ ಶತಮಾನದ ಹೊಸ್ತಿಲಲ್ಲಿ ನಿಂತ ಒಂದು ಸಂಸ್ಥೆಯ ಬಗ್ಗೆ ಸ್ಮರಣ ಸಂಚಿಕೆಗೆ ಬರೆಯುವಾಗ ಎಷ್ಟು ಎಕರೆ ಹಸಿರಾಯಿತು, ಎಷ್ಟು ಸಕ್ಕರೆ ಕಾರ್ಖಾನೆ ಎದ್ದವು ಎಂದು ಎಣಿಸುವುದು ವಾಡಿಕೆ. ಆ ಎಣಿಕೆ ನ್ಯಾಯವಾದದ್ದೇ. ಆದರೆ ಐವತ್ತು ವರ್ಷದ ಅಣೆಕಟ್ಟೆಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಎಂಥ ನೆರೆ ಬಂದರೆ ಇದು ತಡೆದೀತು? ಆ ಲೆಕ್ಕವನ್ನು ಯಾವ ಕಾಲದಲ್ಲಿ, ಯಾವ ಮಳೆಯನ್ನು ನಂಬಿ ಮಾಡಿದ್ದರು? ಈಗಿನ ಮಳೆಗೆ ಆ ಲೆಕ್ಕ ಸಾಲುತ್ತದೆಯೇ? ಈ ಲೇಖನ ಆ ಪ್ರಶ್ನೆಯ ಬೆನ್ನು ಹತ್ತಿದೆ.

ಹಿಡಕಲ್‌ನ ಕಥೆ ಹಿಡಕಲ್‌ನಲ್ಲಿ ಶುರುವಾಗುವುದಿಲ್ಲ. ಗೋಕಾಕ ತಾಲ್ಲೂಕಿನ ಧೂಪದಾಳದಲ್ಲಿ 1897ರ ಹೊತ್ತಿಗೇ ಘಟಪ್ರಭೆಗೆ ಒಡ್ಡು ಬಿದ್ದಿತ್ತು. ಆ ಒಡ್ಡಿಗೆ ನೀರನ್ನು ಎತ್ತಿ ತಿರುಗಿಸುವ ಶಕ್ತಿ ಇತ್ತೇ ಹೊರತು ಕೂಡಿಡುವ ಶಕ್ತಿ ಇರಲಿಲ್ಲ. ಹೊಳೆ ತುಂಬಿ ಹರಿಯುವಾಗ ಕಾಲುವೆಗೆ ನೀರು, ಹೊಳೆ ಬತ್ತಿದಾಗ ಕಾಲುವೆಯೂ ಬತ್ತುತ್ತಿತ್ತು. ಮುಂದೆ ಘಟಪ್ರಭಾ ಯೋಜನೆಯನ್ನು ಮೂರು ಹಂತದಲ್ಲಿ ಕೈಗೆತ್ತಿಕೊಂಡರು. ಮೊದಲ ಹಂತ ಇದೇ ಧೂಪದಾಳದ ಒಡ್ಡಿನಿಂದ ಎಡದಂಡೆ ಕಾಲುವೆಯನ್ನು 71 ಕಿಲೋಮೀಟರ್‌ವರೆಗೆ ಒಯ್ಯುವುದು. ಎರಡನೇ ಹಂತದಲ್ಲಿ ಹಿಡಕಲ್‌ನಲ್ಲಿ ಅಣೆಕಟ್ಟೆ ಕಟ್ಟಿ 659 ದಶಲಕ್ಷ ಘನ ಮೀಟರ್, ಎಂದರೆ 23 ಟಿಎಂಸಿ ಅಡಿ ಚಿಲ್ಲರೆ ನೀರು ನಿಲ್ಲಿಸಿ, ಎಡದಂಡೆ ಕಾಲುವೆಯನ್ನು 109 ಕಿಲೋಮೀಟರ್‌ಗೆ ಮುಟ್ಟಿಸುವುದು. ಮೂರನೇ ಹಂತದಲ್ಲಿ ಅಣೆಕಟ್ಟೆಯನ್ನು ಪೂರ್ಣ ಎತ್ತರಕ್ಕೆ ಒಯ್ದು 51 ಟಿಎಂಸಿ ಅಡಿ ತುಂಬಿಸುವುದು, ಬಲದಂಡೆ ಕಾಲುವೆ ಮತ್ತು ಚಿಕ್ಕೋಡಿ ಶಾಖಾ ಕಾಲುವೆಗಳನ್ನು ತೋಡುವುದು. ಈ ನಡುವೆ 1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಯೋಜನೆಯ ಕಡತಗಳೂ ಅದರೊಂದಿಗೆ ಬಂದವು. 1998ರಲ್ಲಿ ಕರ್ನಾಟಕ ನೀರಾವರಿ ನಿಗಮ ಹುಟ್ಟಿದ ಮೇಲೆ ಜಲಾಶಯದ ಹೊಣೆ ಅದರದಾಯಿತು.

ಮುಳುಗಡೆಯ ಊರುಗಳನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಹಳೆಯ ಹುನ್ನೂರಿನ ವಿಠ್ಠಲ ದೇವರ ಗುಡಿ ಇಂದಿಗೂ ಹಿನ್ನೀರಿನಲ್ಲಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿನ ಗೋಡೆ, ಕಂಬ, ಶಿಖರ ಎಲ್ಲ ಮೇಲೆದ್ದು ನಿಲ್ಲುತ್ತವೆ; ಜನ ನಡೆದು ಹೋಗಿ ಕೈಮುಗಿದು ಬರುತ್ತಾರೆ. ಮಳೆಗಾಲದಲ್ಲಿ ಮತ್ತೆ ಮುಳುಗಡೆ. ನಮ್ಮ ಕಬ್ಬಿನ ಗದ್ದೆಗೆ ಹರಿಯುವ ನೀರಿಗೆ ಯಾರೋ ಊರು ಬಿಟ್ಟಿದ್ದಾರೆ ಎಂಬುದು ಕಾಲುವೆಯ ಕೊನೆಯಲ್ಲಿ ಕುಳಿತವನಿಗೂ ತಿಳಿದಿರಲಿ.

ಗೋಡೆಯ ವಿಷಯಕ್ಕೆ ಬರೋಣ. 62.48 ಮೀಟರ್ ಎತ್ತರ, 10.18 ಕಿಲೋಮೀಟರ್ ಉದ್ದ. ನಡುವೆ ಕಲ್ಲುಗಾರೆಯ ಕೋಡಿ, ಅದರ ಮೇಲೆ ಹತ್ತು ಕ್ರೆಸ್ಟ್ ಗೇಟುಗಳು, ಅದಕ್ಕೆ ಕೂಡಿದಂತೆ ಉದ್ದನೆಯ ಮಣ್ಣಿನ ಏರಿ. ಸುರಕ್ಷತೆಯ ಮಾತಿನಲ್ಲಿ ಈ ಎರಡು ಭಾಗಗಳ ಸ್ವಭಾವ ಬೇರೆ ಬೇರೆ. ಕಲ್ಲುಗಾರೆಯ ಗೋಡೆಯ ಮೇಲೆ ಅಪ್ಪಿತಪ್ಪಿ ನೀರು ಉಕ್ಕಿ ಹರಿದರೂ ಅದು ಸ್ವಲ್ಪ ಹೊತ್ತು ತಾಳಿಕೊಂಡೀತು. ಮಣ್ಣಿನ ಏರಿಗೆ ಆ ತಾಳಿಕೆ ಇಲ್ಲ. ನೀರು ಏರಿಯ ನೆತ್ತಿ ದಾಟಿ ಆಚೆ ಇಳಿಜಾರಿನಲ್ಲಿ ಹರಿಯತೊಡಗಿದರೆ ಮಣ್ಣು ಕೊಚ್ಚಿ ಕೊರಕಲು ಬೀಳುತ್ತದೆ, ಕೊರಕಲು ಹಿಂದಕ್ಕೆ ಸರಿದು ನೆತ್ತಿಯನ್ನು ಮುಟ್ಟುತ್ತದೆ, ಆಮೇಲೆ ತಡೆಯುವ ಮಾತೇ ಇಲ್ಲ. ಹಾಗಾಗಿ ಇಂಥ ಅಣೆಕಟ್ಟೆಯ ಇಡೀ ಭದ್ರತೆ ನಿಂತಿರುವುದು ಒಂದು ಕರಾರಿನ ಮೇಲೆ: ಬರುವ ನೆರೆ ಎಷ್ಟೇ ಇರಲಿ, ನೀರು ಏರಿಯ ನೆತ್ತಿಗೆ ಏರುವ ಮೊದಲೇ ಗೇಟುಗಳು ಅದನ್ನು ಹೊರಗೆ ಕಳಿಸಬೇಕು.

ಎಷ್ಟು ನೆರೆ? ಲೆಕ್ಕ ಹಾಕಿ ನೋಡಿದರೆ ಅಳತೆಯ ಅಂದಾಜು ಸಿಗುತ್ತದೆ. ಹಿಡಕಲ್‌ನ ಮೇಲ್ಭಾಗದಲ್ಲಿ ಘಟಪ್ರಭೆಗೆ ನೀರು ಕೊಡುವ ನೆಲ 1,412 ಚದರ ಕಿಲೋಮೀಟರ್. ಬಹುಭಾಗ ಮಹಾರಾಷ್ಟ್ರದ ಚಂದಗಡದ ಕಡೆಯ ಘಟ್ಟದ ಸೀಮೆ; ತಾಮ್ರಪರ್ಣಿಯೂ ಅಲ್ಲಿಂದಲೇ ಬಂದು ಕೂಡುತ್ತದೆ. ಈ ನೆಲದ ಮೇಲೆಲ್ಲ ಒಂದೇ ದಿನ 100 ಮಿಲಿಮೀಟರ್ ಮಳೆ ಬಿದ್ದು ಅದೆಲ್ಲ ಹರಿದು ಬಂದರೆ ಸುಮಾರು 5 ಟಿಎಂಸಿ ಅಡಿ. ಒಂದು ಲಕ್ಷ ಕ್ಯೂಸೆಕ್ ಒಳಹರಿವು ಇಡೀ ದಿನ ಇದ್ದರೆ ಜಲಾಶಯಕ್ಕೆ 8.64 ಟಿಎಂಸಿ ಅಡಿ ಸೇರುತ್ತದೆ. ಬರಿದಾದ ಹಿಡಕಲ್ ಆರು ದಿನದಲ್ಲಿ ತುಂಬೀತು. ಆದರೆ ಆಗಸ್ಟ್‌ನಲ್ಲಿ ಹಿಡಕಲ್ ಬರಿದಾಗಿರುವುದಿಲ್ಲವಲ್ಲ! ಬೇಸಿಗೆಗಾಗಿ ಅದನ್ನು ತುಂಬಿಸಿಡಲೇಬೇಕು. ತುಂಬಿದ ಮೇಲೆ ಬಂದಷ್ಟನ್ನೂ ಹೊರಗೆ ಬಿಡಬೇಕು. ನೀರಾವರಿಯ ಹಿತಕ್ಕೆ ಜಲಾಶಯ ತುಂಬಿರಬೇಕು, ನೆರೆಯ ಹಿತಕ್ಕೆ ಅದರಲ್ಲಿ ಜಾಗ ಖಾಲಿ ಇರಬೇಕು. ಗೇಟಿನ ಹೊಣೆ ಹೊತ್ತ ಎಂಜಿನಿಯರರ ನಿದ್ದೆ ಕೆಡಿಸುವುದು ಈ ಎಳೆದಾಟವೇ.

ಹಿಡಕಲ್ ರೂಪುಗೊಂಡ ಕಾಲದಲ್ಲಿ ನೆರೆಯ ಅಂದಾಜಿಗೆ ಈ ಪ್ರಾಂತದಲ್ಲಿ ಬಳಕೆಯಲ್ಲಿದ್ದ ಸಾಧನಗಳಲ್ಲಿ ಇಂಗ್ಲಿಸ್ ಸೂತ್ರ ಹೆಸರಾದದ್ದು. ಮುಂಬಯಿ ಪ್ರಾಂತದ ಹೊಳೆಗಳ ನೆರೆಗಳನ್ನು ಆಧಾರವಾಗಿ ಇಟ್ಟುಕೊಂಡು ಕ್ಲಾಡ್ ಇಂಗ್ಲಿಸ್ ಎಂಬ ಎಂಜಿನಿಯರರು ಕೊಟ್ಟ ಸೂತ್ರ ಅದು. ಜಲಾನಯನದ ವಿಸ್ತೀರ್ಣ ಒಂದನ್ನೇ ಕೊಟ್ಟರೆ ನೆರೆಯ ಗರಿಷ್ಠ ಹರಿವು ಸಿಗುತ್ತದೆ. 1,412 ಚದರ ಕಿಲೋಮೀಟರ್ ಹಾಕಿ ನೋಡಿದರೆ ಸೆಕೆಂಡಿಗೆ ಸುಮಾರು 4,640 ಘನ ಮೀಟರ್, ಅಂದರೆ 1 ಲಕ್ಷ 64 ಸಾವಿರ ಕ್ಯೂಸೆಕ್ ಬರುತ್ತದೆ. ಇದು ನಾನು ಓದುಗರಿಗಾಗಿ ಮಾಡಿದ ಲೆಕ್ಕ, ಹಿಡಕಲ್‌ನ ವಿನ್ಯಾಸದ ಅಂಕಿ ಎಂದು ಯಾರೂ ತಿಳಿಯಬಾರದು. ತೋರಿಸಬೇಕಾದದ್ದು ಇಷ್ಟೇ: ಇಂಥ ಸೂತ್ರಕ್ಕೆ ಮಳೆ ಎಷ್ಟು ಬಿತ್ತು, ಎಷ್ಟು ತಾಸಿನಲ್ಲಿ ಬಿತ್ತು, ನೆಲ ಮೊದಲೇ ನೆನೆದಿತ್ತೇ ಎಂಬುದು ಏನೂ ಗೊತ್ತಿಲ್ಲ. ಹಿಂದೆ ಕಂಡ ನೆರೆಯನ್ನು ನೋಡಿ ಮುಂದಿನದನ್ನು ಊಹಿಸುವುದು ಅದರ ಮಿತಿ.

ಆ ಮಿತಿಯ ಬೆಲೆ ಏನೆಂದು ದೇಶಕ್ಕೆ ತಿಳಿದದ್ದು 1979ರ ಆಗಸ್ಟ್ 11ರಂದು, ಗುಜರಾತಿನ ಮೋರಬಿಯಲ್ಲಿ. ಮಚ್ಛು ಎರಡನೇ ಅಣೆಕಟ್ಟೆಯ ಕೋಡಿಯನ್ನು ಸುಮಾರು 2 ಲಕ್ಷ ಕ್ಯೂಸೆಕ್‌ಗೆ ಕಟ್ಟಿದ್ದರು. ಅಂದು ಬಂದ ನೆರೆ ಅದರ ಮೂರು ಪಟ್ಟಿನ ಹತ್ತಿರ ಇತ್ತೆಂದು ಆಮೇಲಿನ ಲೆಕ್ಕ ಹೇಳಿತು. ಮಣ್ಣಿನ ಏರಿಯ ಮೇಲೆ ನೀರು ಉಕ್ಕಿತು, ಏರಿ ಕೊಚ್ಚಿಹೋಯಿತು, ಕೆಳಗಿನ ಮೋರಬಿ ಪಟ್ಟಣದಲ್ಲಿ ಸಾವಿರಾರು ಜನ ತೀರಿಹೋದರು. ಅದಕ್ಕೂ ಮೊದಲು 1961ರ ಜುಲೈ 12ರಂದು ಪಾನಶೇತ ಒಡೆದು ಪುಣೆ ಮುಳುಗಿದ್ದನ್ನು ನಮ್ಮ ಕಡೆಯ ಹಿರಿಯರು ಕೇಳಿ ಬಲ್ಲರು. ಹಿಡಕಲ್ 1977ರದು ಎಂದೆ. ಅಂದರೆ ಅದರ ನೆರೆಯ ಲೆಕ್ಕ ಮೋರಬಿಯ ಪಾಠಕ್ಕೆ ಮುಂಚಿನದು. ದೇಶದ ನೂರಾರು ಅಣೆಕಟ್ಟೆಗಳ ಸ್ಥಿತಿಯೂ ಇದೇ. ಹಿಡಕಲ್ ಮೇಲೆ ತಪ್ಪು ಹೊರಿಸಲು ಈ ಮಾತನ್ನು ಆಡುತ್ತಿಲ್ಲ.

ಮೋರಬಿಯ ನಂತರ ಚಿತ್ರ ಬದಲಾಯಿತು. ಕೇಂದ್ರ ಜಲ ಆಯೋಗದಲ್ಲಿ ಅಣೆಕಟ್ಟು ಸುರಕ್ಷತೆಗೇ ಮೀಸಲಾದ ವಿಭಾಗ ಬೆಳೆಯಿತು. 1985ರಲ್ಲಿ ಭಾರತೀಯ ಮಾನಕ ಸಂಸ್ಥೆಯ ಕೋಡಿ ಸಾಮರ್ಥ್ಯದ ಮಾರ್ಗಸೂಚಿ ಹೊರಬಂತು. ಸಣ್ಣ ಅಣೆಕಟ್ಟೆಗೆ ನೂರು ವರ್ಷದ ನೆರೆ. ನಡುವಣದಕ್ಕೆ ಪ್ರಮಾಣಿತ ನೆರೆ, ಅಂದರೆ ಆ ಸೀಮೆಗೆ ಸಹಜವೆನ್ನಬಹುದಾದ ಅತಿ ತೀವ್ರ ಮಳೆಯ ನೆರೆ. 60 ದಶಲಕ್ಷ ಘನ ಮೀಟರ್‌ಗಿಂತ ಹೆಚ್ಚು ನೀರು ಹಿಡಿಯುವ ಅಥವಾ 30 ಮೀಟರ್‌ಗಿಂತ ಹೆಚ್ಚಿನ ನೀರಿನ ಮಟ್ಟವಿರುವ ದೊಡ್ಡದಕ್ಕೆ ಸಂಭವನೀಯ ಗರಿಷ್ಠ ನೆರೆ. ಹಿಡಕಲ್ ಹಿಡಿಯುವುದು 1,448 ದಶಲಕ್ಷ ಘನ ಮೀಟರ್. ಯಾವ ಸಾಲಿನಲ್ಲಿ ನಿಲ್ಲಬೇಕು ಎಂಬುದಕ್ಕೆ ಚರ್ಚೆ ಬೇಕಿಲ್ಲ.

‘ನೂರು ವರ್ಷದ ನೆರೆ’ ಎಂದರೆ ನೂರು ವರ್ಷಕ್ಕೊಮ್ಮೆ ಮಾತ್ರ ಬರುವ ನೆರೆ ಎಂದು ಬಹಳ ಜನ ನಂಬಿದ್ದಾರೆ; ಒಮ್ಮೆ ಬಂದು ಹೋದರೆ ಮೊಮ್ಮಕ್ಕಳ ಕಾಲದವರೆಗೆ ಚಿಂತೆ ಇಲ್ಲ ಎಂಬ ಧೈರ್ಯ. ಹಾಗಲ್ಲ. ಯಾವುದೇ ವರ್ಷ ಅದು ಬರುವ ಸಾಧ್ಯತೆ ನೂರಕ್ಕೆ ಒಂದು. ಐವತ್ತು ವರ್ಷ ಬಾಳುವ ಕಟ್ಟಡ ಆ ಅವಧಿಯಲ್ಲಿ ಒಮ್ಮೆಯಾದರೂ ಅದನ್ನು ಎದುರಿಸುವ ಸಾಧ್ಯತೆ ನೂರಕ್ಕೆ ನಲವತ್ತರ ಹತ್ತಿರ. ನಮ್ಮ ಹೊಳೆಸಾಲಿನವರು 2005ರಲ್ಲಿ ನೋಡಿದ್ದನ್ನು 2019ರಲ್ಲಿ ಮತ್ತೆ ನೋಡಿದರು, ಎರಡೇ ವರ್ಷಕ್ಕೆ 2021ರಲ್ಲಿ ಮತ್ತೊಮ್ಮೆ ನೋಡಿದರು. ಹಾಗಾಗಿ ದೊಡ್ಡ ಅಣೆಕಟ್ಟೆಗೆ ವರ್ಷದ ಲೆಕ್ಕ ಸಾಲದು; ಈ ಹವೆಯಲ್ಲಿ ಬೀಳಬಹುದಾದ ಅತಿ ಹೆಚ್ಚಿನ ಮಳೆ ಎಷ್ಟು ಎಂದು ಕೇಳಬೇಕು. ಸಂಭವನೀಯ ಗರಿಷ್ಠ ನೆರೆಯ ಲೆಕ್ಕ ಶುರುವಾಗುವುದು ಆ ಮಳೆಯಿಂದ.

ಅದನ್ನು ತಿಳಿಯುವ ದಾರಿ ಕುತೂಹಲದ್ದು. ಸುತ್ತಲಿನ ಸೀಮೆಯಲ್ಲಿ ದಾಖಲಾದ ಅತಿ ದೊಡ್ಡ ಮಳೆಗಳನ್ನು ತೆಗೆದುಕೊಂಡು, ಅವೇ ಮಳೆಗಳು ನಮ್ಮ ಜಲಾನಯನದ ಮೇಲೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೋಡುತ್ತಾರೆ. 2021ರ ಜುಲೈ 22–23ರಂದು ಮಹಾಬಳೇಶ್ವರದಲ್ಲಿ ಒಂದೇ ದಿನದಲ್ಲಿ 594 ಮಿಲಿಮೀಟರ್ ಮಳೆ ಬಿತ್ತು. ಅಷ್ಟೂ ಮಳೆ ಹಿಡಕಲ್‌ನ 1,412 ಚದರ ಕಿಲೋಮೀಟರ್ ಮೇಲೆ ಸಮನಾಗಿ ಬಿದ್ದಿತೆಂದು ಸುಮ್ಮನೆ ಗುಣಿಸಿದರೆ 29 ಟಿಎಂಸಿ ಅಡಿ ಮೀರುತ್ತದೆ. ದಿನದ ಸರಾಸರಿ ಮೂರೂವರೆ ಲಕ್ಷ ಕ್ಯೂಸೆಕ್‌ಗೆ ಹತ್ತಿರ. ಹಾಗೆ ಗುಣಿಸುವುದು ತಪ್ಪು ಎಂಬುದನ್ನೂ ಹೇಳಬೇಕು. ಘಟ್ಟದ ನೆತ್ತಿಯ ಒಂದು ಮಳೆಮಾಪಕದ ಅಂಕಿ ಇಡೀ ಜಲಾನಯನದ ಅಂಕಿಯಲ್ಲ. ಚಂದಗಡದಿಂದ ದಡ್ಡಿಗೆ ಬರುವಷ್ಟರಲ್ಲಿ ಮಳೆ ಎಷ್ಟು ಇಳಿಯುತ್ತದೆ ಎಂಬುದನ್ನು ಆ ದಾರಿಯಲ್ಲಿ ಆಷಾಢದಲ್ಲಿ ಒಮ್ಮೆ ಬಂದವರೆಲ್ಲ ಬಲ್ಲರು. ಆ ಇಳಿಕೆಯನ್ನು, ನೆಲ ಹೀರುವ ಪಾಲನ್ನು, ಹೊಳೆಗಳು ಕೂಡಿಬರುವ ಹೊತ್ತನ್ನು ಸೇರಿಸಿ ಲೆಕ್ಕ ಮಾಡುವುದೇ ಜಲವಿಜ್ಞಾನಿಯ ಕೆಲಸ. ಅದರ ಜತೆಗೆ ಮೇಲ್ಭಾಗದ ಫಾಟಕವಾಡಿ, ಜಂಗಮಹಟ್ಟಿಯಂಥ ಅಣೆಕಟ್ಟೆಗಳನ್ನೂ ನೋಡಬೇಕು. ಮೇಲಿನದಕ್ಕೆ ಏನಾದರೂ ಆದರೆ ಅದರ ನೀರಿಗೂ ಕೆಳಗಿನದರಲ್ಲಿ ದಾರಿ ಇರಬೇಕು.

ಇಷ್ಟೆಲ್ಲ ಕಾಗದದ ಲೆಕ್ಕಕ್ಕೆ ಆಧಾರ ಯಾವುದು? ಹೊಳೆಯ ದಂಡೆಯಲ್ಲಿ ನಿಂತು ಅಳತೆಪಟ್ಟಿಯ ಅಂಕಿ ಬರೆದುಕೊಳ್ಳುವ ಮನುಷ್ಯ. ಕೇಂದ್ರ ಜಲ ಆಯೋಗವು ಘಟಪ್ರಭೆಗೆ ದಡ್ಡಿಯಲ್ಲಿ, ಹಿರಣ್ಯಕೇಶಿಗೆ ಗೋಟೂರಿನಲ್ಲಿ, ದೂಧಗಂಗೆಗೆ ನಮ್ಮ ಸದಲಗಾದಲ್ಲಿ ಮಾಪನ ಕೇಂದ್ರಗಳನ್ನು ಇಟ್ಟಿತು. ಮಳೆಗಾಲದಲ್ಲಿ ತಾಸು ತಾಸಿಗೂ ಮಟ್ಟ ನೋಡಬೇಕು. ಹರಿವಿನ ವೇಗ ಅಳೆಯಲು ನೀರಿಗೆ ಇಳಿಸುವ ಮಾಪಕವನ್ನು ಉಕ್ಕುವ ಹೊಳೆಯಲ್ಲಿ ಹಿಡಿದು ನಿಲ್ಲಿಸಬೇಕು. ಹಳದಿಗೆಂಪು ನೀರಿನಲ್ಲಿ ಬೇರುಸಹಿತ ಮರಗಳು ತೇಲಿ ಬರುತ್ತಿರುವಾಗ ಆ ಕೆಲಸ ಮಾಡುವುದು ಸಣ್ಣ ಮಾತಲ್ಲ. ಒಂದು ರಾತ್ರಿಯ ಮಟ್ಟವನ್ನು ಅಂದಾಜಿನಿಂದ ತುಂಬಿದರೆ, ಮೂವತ್ತು ವರ್ಷದ ಮೇಲೆ ಯಾರೋ ಮಾಡುವ ನೆರೆಯ ಲೆಕ್ಕ ಅಷ್ಟು ತಪ್ಪುತ್ತದೆ. ಈ ಸಂಚಿಕೆಯಲ್ಲಿ ಮಂತ್ರಿಗಳ, ಮುಖ್ಯ ಎಂಜಿನಿಯರರ ಹೆಸರುಗಳಿಗೆ ಜಾಗವಿದೆ. ಆ ರಿಜಿಸ್ಟರುಗಳನ್ನು ಬರೆದ ಕೈಗಳಿಗೂ ಅಷ್ಟೇ ಗೌರವ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ನೆರೆಯ ಲೆಕ್ಕ ಸರಿಯಾಗಿದ್ದು ಗೇಟು ಏಳದಿದ್ದರೆ? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದೇ ಒಂದು. ಆ ಒಂದು ಕಿಂಡಿಯನ್ನು ಮುಚ್ಚುವ ಸಿದ್ಧ ತಡೆಫಲಕ ಸ್ಥಳದಲ್ಲಿ ಇರಲಿಲ್ಲ. ಗೋಡೆಯ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಹತ್ತಾರು ಟಿಎಂಸಿ ಅಡಿ ನೀರನ್ನು ಹೊಳೆಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಫಲಕಗಳನ್ನು ತಯಾರಿಸಿ, ಹರಿಯುವ ನೀರಿನಲ್ಲೇ ಒಂದೊಂದಾಗಿ ಇಳಿಸಿ ವಾರದೊಳಗೆ ಕಿಂಡಿ ಮುಚ್ಚಿದರು. ಆ ಕೆಲಸಗಾರರ ಧೈರ್ಯವನ್ನು ರಾಜ್ಯವೆಲ್ಲ ಕೊಂಡಾಡಿತು, ಕೊಂಡಾಡಲೇಬೇಕು. ಆದರೆ ಎಪ್ಪತ್ತು ವರ್ಷ ದಾಟಿದ ಸರಪಳಿಯ ಕೊಂಡಿಯ ವಯಸ್ಸನ್ನು ಮೊದಲೇ ಅಳೆದಿದ್ದರೆ ಆ ಧೈರ್ಯದ ಅಗತ್ಯವೇ ಬೀಳುತ್ತಿರಲಿಲ್ಲ. ಹಿಡಕಲ್‌ನ ಹತ್ತು ಗೇಟುಗಳಿಗೂ ಇದೇ ಮಾತು. ಗ್ರೀಸು, ಸೀಲಿನ ರಬ್ಬರು, ಮೋಟಾರು, ಕರೆಂಟು ಹೋದರೆ ಜನರೇಟರು, ಅದೂ ಕೆಟ್ಟರೆ ಕೈಯಿಂದ ಎತ್ತುವ ವ್ಯವಸ್ಥೆ. ಹತ್ತರಲ್ಲಿ ಒಂದು ಗೇಟು ಸಿಕ್ಕಿಕೊಂಡರೆ ಉಳಿದ ಒಂಬತ್ತರಿಂದ ಪೂರ್ಣ ನೆರೆ ಸಾಗೀತೇ ಎಂದು ಲೆಕ್ಕ ಹಾಕುವುದು ಸುರಕ್ಷತಾ ತಪಾಸಣೆಯ ಭಾಗವೇ.

ತಪಾಸಣೆ ಎಂದಾಗ ಜನ ದೊಡ್ಡ ಯಂತ್ರಗಳನ್ನು ಊಹಿಸುತ್ತಾರೆ. ಬಹುಪಾಲು ಕೆಲಸ ಕಣ್ಣಿನದು, ಕಾಲಿನದು. ಮಣ್ಣಿನ ಏರಿಯ ಉದ್ದಕ್ಕೂ ನಡೆದು ನೋಡಬೇಕು. ಜಾಲಿ ಬೆಳೆದಿದೆಯೇ? ಅದರ ಬೇರು ಕೊಳೆತ ಜಾಗದಲ್ಲಿ ನೀರಿಗೆ ದಾರಿಯಾಗುತ್ತದೆ. ಹುತ್ತ, ಇಲಿ-ಹೆಗ್ಗಣದ ಬಿಲಗಳಿವೆಯೇ? ನೀರಿನ ಕಡೆಯ ಕಲ್ಲುಹಾಸು ಕುಸಿದಿದೆಯೇ? ಏರಿಯ ಆಚೆ ಬುಡದಲ್ಲಿ ಕಾರಣವಿಲ್ಲದೆ ಹಸಿರು ಹುಲ್ಲು ಬೆಳೆದಿದ್ದರೆ ಅಲ್ಲಿ ತೇವವಿದೆ ಎಂದರ್ಥ. ಯಾವ ಮಣ್ಣಿನ ಏರಿಯೂ ಸ್ವಲ್ಪ ಜಿನುಗದೆ ಇರುವುದಿಲ್ಲ. ಜಿನುಗಿದ ನೀರನ್ನೆಲ್ಲ ಒಂದು ಸಣ್ಣ ಕಟ್ಟೆಗೆ ತಂದು, ಅದರ ತಗಡಿನಲ್ಲಿ ಕೊರೆದ ಮುಕ್ಕೋನದ ಗಂಡಿಯಿಂದ ಹಾಯಿಸಿ, ನೀರು ಎಷ್ಟು ಎತ್ತರದಲ್ಲಿ ಹಾಯುತ್ತದೆ ಎಂದು ಅಳೆಯುತ್ತಾರೆ. ಜಲಾಶಯ ಏರಿದಾಗ ಜಿನುಗೂ ಏರುವುದು ಸಹಜ. ಜಲಾಶಯದ ಮಟ್ಟ ಹಾಗೇ ಇದ್ದು ಜಿನುಗು ಮಾತ್ರ ಏರಿದರೆ ಎಚ್ಚರಾಗಬೇಕು. ಇನ್ನೂ ಒಂದಿದೆ: ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಬೇಕು. ತಿಳಿಯಾಗಿದ್ದರೆ ಸಮಾಧಾನ. ಕದಡಿದ್ದರೆ ಏರಿಯ ಒಡಲಿನ ಮಣ್ಣು ನೀರಿನ ಜೊತೆ ಹೊರಗೆ ಬರುತ್ತಿದೆ. ಆ ಕ್ಷಣವೇ ಮೇಲಿನವರಿಗೆ ತಿಳಿಸಬೇಕು. ಅಣೆಕಟ್ಟೆಯ ಆಯುಷ್ಯದ ಬಗ್ಗೆ ಒಂದು ಲೋಟ ನೀರು ಹೇಳುವಷ್ಟನ್ನು ಕೆಲವೊಮ್ಮೆ ಇಡೀ ಕಡತ ಹೇಳುವುದಿಲ್ಲ.

ಈಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಎಂಬ ನಮ್ಮ ಐದು ತಾಲ್ಲೂಕುಗಳ ಮಾತು. ಹಿಡಕಲ್ ನಮಗೆ ಕಾಲುವೆಯಲ್ಲಿ ಬರುತ್ತದೆ. ಎಡದಂಡೆಯಲ್ಲಿ ರಾಯಬಾಗಕ್ಕೆ, ಶಾಖಾ ಕಾಲುವೆಯಲ್ಲಿ ಚಿಕ್ಕೋಡಿಗೆ. ಅದರ ನೆರೆ ನಮಗೆ ಬರುವುದಿಲ್ಲ, ಗೋಕಾಕ, ಮೂಡಲಗಿ, ಮುಧೋಳದ ಕಡೆ ಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕದ ಲೋಳಸೂರ ಸೇತುವೆ ಮುಳುಗಿ ಊರಿನ ತಗ್ಗಿನ ಓಣಿಗಳೆಲ್ಲ ನೀರಾದಾಗ, ಬರಿಯ ಹಿಡಕಲ್ ನೀರಷ್ಟೇ ಅಲ್ಲಿರಲಿಲ್ಲ. ಅಣೆಕಟ್ಟೆಯ ಕೆಳಗೆ ಬಂದು ಕೂಡುವ ಹಿರಣ್ಯಕೇಶಿ ಇತ್ತು, ಮಾರ್ಕಂಡೇಯ ಇತ್ತು. ಹಿಡಕಲ್‌ನ ಗೇಟಿಗೂ ಹಿರಣ್ಯಕೇಶಿಗೂ ಸಂಬಂಧವಿಲ್ಲ. ಆದರೆ ಗೋಕಾಕದವರ ಮನೆಗೆ ಎರಡೂ ಒಟ್ಟಿಗೇ ಬರುತ್ತವೆ. ಅಣೆಕಟ್ಟೆ ಸುರಕ್ಷಿತವಾಗಿರುವುದು ಒಂದು, ಅದರ ಕೆಳಗಿನ ಊರು ಸುರಕ್ಷಿತವಾಗಿರುವುದು ಇನ್ನೊಂದು. ಮೊದಲನೆಯದಕ್ಕೆ ಕೋಡಿಯ ಸಾಮರ್ಥ್ಯ ಬೇಕು. ಎರಡನೆಯದಕ್ಕೆ ಹೊಳೆಯ ಸಾಮರ್ಥ್ಯವೂ ಗೊತ್ತಿರಬೇಕು.

ನಮಗೆ ನೆರೆ ತರುವುದು ಬೇರೆ ಅಣೆಕಟ್ಟೆಗಳು, ಬೇರೆ ಹೊಳೆಗಳು. ಕೊಯ್ನಾದ 105 ಟಿಎಂಸಿ ಅಡಿ, ವಾರಣೆಯ ಚಾಂದೋಲಿಯ 34, ದೂಧಗಂಗೆಯ ಕಾಳಮ್ಮವಾಡಿಯ 25, ಇವೆಲ್ಲ ಮಹಾರಾಷ್ಟ್ರದಲ್ಲಿವೆ. ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಕೂಡಿ ಕಾಗವಾಡದ ಜುಗೂಳ, ಮಂಗಾವತಿಗೆ ಬರುತ್ತದೆ. ವೇದಗಂಗೆ, ದೂಧಗಂಗೆ ನಿಪ್ಪಾಣಿ-ಚಿಕ್ಕೋಡಿಯ ಊರುಗಳನ್ನು ಸುತ್ತಿ ಯಡೂರು-ಕಲ್ಲೋಳದ ಹತ್ತಿರ ಕೃಷ್ಣೆಗೆ ಸೇರುತ್ತವೆ. ಆಮೇಲೆ ಕೃಷ್ಣೆ ರಾಯಬಾಗದ ಕುಡಚಿ, ಅಥಣಿಯ ಹಳ್ಳಿಗಳನ್ನು ಹಾಯ್ದು ಹಿಪ್ಪರಗಿಯತ್ತ ಇಳಿಯುತ್ತದೆ. ಪಂಚಗಂಗೆಯ ಮೇಲ್ಭಾಗದಲ್ಲಿ ಛತ್ರಪತಿ ಶಾಹೂ ಮಹಾರಾಜರು ಕಟ್ಟಿಸಲು ತೊಡಗಿದ ರಾಧಾನಗರಿ ಅಣೆಕಟ್ಟೆಯಲ್ಲಿ ಏಳು ಸ್ವಯಂಚಾಲಿತ ಗೇಟುಗಳಿವೆ. ನೀರು ಮಟ್ಟ ಮುಟ್ಟಿದೊಡನೆ ತಾವಾಗಿಯೇ ತೆರೆದುಕೊಳ್ಳುತ್ತವೆ. ಇಂಥ ಗೇಟಿನ ಕಲ್ಪನೆಯನ್ನು 1903ರಲ್ಲಿ ಖಡಕವಾಸಲಾದಲ್ಲಿ ಮೊದಲು ಸಾಧಿಸಿ ತೋರಿಸಿದವರು ನಮ್ಮ ವಿಶ್ವೇಶ್ವರಯ್ಯನವರು. ರಾಧಾನಗರಿಯ ಗೇಟು ತೆರೆದ ಸುದ್ದಿ ಕೊಲ್ಹಾಪುರಕ್ಕೆ ಮುಟ್ಟುವ ಹೊತ್ತಿಗೇ ಕಾಗವಾಡದಲ್ಲೂ ಮಾತಾಗುತ್ತದೆ. ‘ಮ್ಯಾಲೆ ಮಳಿ ಭಾಳ ಐತಂತ, ದನಾ ಬಿಚ್ಚರಿ’ ಎಂದು ತೋಟದ ಮನೆಗಳಿಗೆ ಫೋನು ಹೋಗುತ್ತದೆ. ಕಲ್ಲೋಳ-ಯಡೂರು, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಸಿದ್ನಾಳ-ಅಕ್ಕೋಳ, ಜತ್ರಾಟ-ಭೀವಶಿ: ಯಾವ ಬಾಂದಾರದ (ಸೇತುವೆಯೂ ಆದ ಒಡ್ಡಿನ) ಮೇಲೆ ನೀರು ಬಂತು ಎಂಬುದೇ ನಮಗೆ ನೆರೆಯ ಅಳತೆ. 2019ರಲ್ಲಿ, 2021ರಲ್ಲಿ ಯಮಗರ್ಣಿಯ ಬಳಿ ವೇದಗಂಗೆ ಹೆದ್ದಾರಿಯನ್ನೇ ನುಂಗಿ ಪುಣೆ-ಬೆಂಗಳೂರು ಸಂಚಾರ ನಿಂತಿತು.

ಕೊಯ್ನಾದ ಬಗ್ಗೆ ಒಂದು ಮಾತು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿದಾಗ 103 ಮೀಟರ್ ಎತ್ತರದ ಆ ಗೋಡೆಯ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಬಿದ್ದವು. ಗೋಡೆ ನಿಂತಿತು. ಬಿರುಕುಗಳನ್ನು ತುಂಬಿ, ಕೇಬಲ್ ಎಳೆದು ಬಿಗಿದು, ಹಿಂದಿನಿಂದ ಆನಿಕೆ ಕೊಟ್ಟು ಬಲಪಡಿಸಿದರು. ಕೋಡಿಯ ಭಾಗದ ಬಲವರ್ಧನೆ ಈ ಶತಮಾನದವರೆಗೂ ನಡೆಯಿತು. ಪೆಟ್ಟು ತಿಂದ ಅಣೆಕಟ್ಟೆಯನ್ನು ಮರೆಮಾಚದೆ ಅಳೆದು, ಬರೆದು, ಜಗತ್ತಿನ ಎಂಜಿನಿಯರರ ಮುಂದಿಟ್ಟದ್ದರಿಂದಲೇ ಕೊಯ್ನಾ ಇಂದು ಭೂಕಂಪ ಮತ್ತು ಅಣೆಕಟ್ಟೆಯ ಪಾಠಕ್ಕೆ ಮೊದಲ ಉದಾಹರಣೆಯಾಗಿದೆ. ಆ ಬಿಚ್ಚುಮನಸ್ಸು ನಮಗೂ ಬೇಕು.

ಕೆಳಗೆ ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಲೇ ಸಾಂಗಲಿ-ಕೊಲ್ಹಾಪುರ ಮುಳುಗಿತೆಂಬ ವಾದ 2005ರಿಂದ ನಡೆದಿದೆ. 2019ರ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ನಂದಕುಮಾರ ವಡನೆರೆ ಸಮಿತಿ ಆಲಮಟ್ಟಿ ಕಾರಣವಲ್ಲ ಎಂದಿತು. ವಾದ ಅಷ್ಟಕ್ಕೇ ನಿಲ್ಲಲಿಲ್ಲ. ಮಳೆಗಾಲದಲ್ಲಿ ಎರಡೂ ಕಡೆಯ ಎಂಜಿನಿಯರರು ದಿನವೂ ಅಂಕಿಗಳನ್ನು ಹಂಚಿಕೊಳ್ಳುವುದೇ ಗಡಿಯ ಈ ಜನಕ್ಕೆ ಯಾವ ವಾದಕ್ಕಿಂತ ಹೆಚ್ಚು ಉಪಕಾರಿ.

2021ರ ಡಿಸೆಂಬರ್ 30ರಂದು ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂತು. 15 ಮೀಟರ್‌ಗಿಂತ ಎತ್ತರದ ಅಣೆಕಟ್ಟೆಗಳೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪಾಸಣೆ ಕಡ್ಡಾಯ. ಇದಕ್ಕೂ ದೊಡ್ಡದೆಂದರೆ ಎರಡು ಕರ್ತವ್ಯಗಳು: ಹೊರಗಿನ ತಜ್ಞರ ತಂಡದಿಂದ ಸಮಗ್ರ ಸುರಕ್ಷತಾ ಮೌಲ್ಯಮಾಪನ, ಮತ್ತು ತುರ್ತು ಕ್ರಿಯಾ ಯೋಜನೆ. ಎರಡಕ್ಕೂ ಕಾಯ್ದೆ ಕೊಟ್ಟ ಕಾಲ ಐದು ವರ್ಷ, ಅಂದರೆ 2026ರ ಡಿಸೆಂಬರ್ ಕೊನೆ. ಮೌಲ್ಯಮಾಪನದಲ್ಲಿ ನೆರೆಯ ಹಳೆಯ ಲೆಕ್ಕವನ್ನು ಹೊಸ ಮಳೆಯ ದಾಖಲೆಯೊಂದಿಗೆ ಮತ್ತೆ ಕಟ್ಟಬೇಕು. 2005, 2019, 2021ರ ಮಳೆ ಅದರೊಳಗೆ ಇರಬೇಕು. ತುರ್ತು ಯೋಜನೆಯಲ್ಲಿ ಗೇಟಿನಿಂದ ಇಷ್ಟು ನೀರು ಬಿಟ್ಟರೆ ಯಾವ ಊರಿನ ಯಾವ ಓಣಿಗೆ ಎಷ್ಟು ತಾಸಿನಲ್ಲಿ ಎಷ್ಟು ಅಡಿ ನೀರು ಎಂಬ ಮುಳುಗಡೆ ನಕಾಶೆ ಇರಬೇಕು.

ನೀರಾವರಿ ನಿಗಮಕ್ಕೂ ಜಿಲ್ಲಾಡಳಿತಕ್ಕೂ ನಮ್ಮ ಕೇಳಿಕೆ ಇದು. ಹಿಡಕಲ್‌ನ ಐವತ್ತನೇ ವರ್ಷಕ್ಕೆ ಕಮಾನು, ದೀಪಾಲಂಕಾರ ಬೇಕಾದರೆ ಆಗಲಿ. ಅದಕ್ಕೂ ಮೊದಲು ಆ ಮೌಲ್ಯಮಾಪನದ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಪ್ರಕಟಿಸಿ. ಗೋಕಾಕ, ಮೂಡಲಗಿಯ ಪಂಚಾಯಿತಿಗಳ ಗೋಡೆಗೆ ಮುಳುಗಡೆ ನಕಾಶೆ ಬರಲಿ. ಕೊಯ್ನಾ, ಚಾಂದೋಲಿ, ರಾಧಾನಗರಿ, ಕಾಳಮ್ಮವಾಡಿಯ ನಕಾಶೆಗಳನ್ನು ಮಹಾರಾಷ್ಟ್ರದಿಂದ ಕೇಳಿ ತರಿಸಿ, ಜುಗೂಳದಿಂದ ಹಿಡಿದು ಅಥಣಿಯ ಕೊನೆಯ ಹೊಳೆಸಾಲಿನ ಊರಿನವರೆಗೆ ಕನ್ನಡದಲ್ಲೂ ಮರಾಠಿಯಲ್ಲೂ ಹಚ್ಚಿಸಿ. ಓದುಗರಲ್ಲಿ ಯಾರಾದರೂ ಗ್ರಾಮ ಪಂಚಾಯಿತಿಯ ಸದಸ್ಯರಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಠರಾವಾಗಿ ಬರೆಸಿ, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಒಂದು ಪ್ರತಿಯನ್ನು ಹಿಡಕಲ್ ಡ್ಯಾಂ ಕಚೇರಿಗೂ ಕಳಿಸಿ.